ಶಿಫಾರಸು ಪತ್ರ ಕೇಳಿ, ಆಮೇಲೆ ಠೇವಣಿ ಕೇಳುವ ‘ಫೆಲೋಶಿಪ್’ಗಳ ಬಗ್ಗೆ ಎಚ್ಚರ

ಫೆಲೋಶಿಪ್, ಇಂಟರ್ನ್‌ಶಿಪ್, ಸಂಶೋಧನಾ ಅನುದಾನ ಅಂತ ಹುಡುಕುತ್ತಿರುವ ವಿದ್ಯಾರ್ಥಿಗಳು ಇದನ್ನು ದಯವಿಟ್ಟು ಪೂರ್ತಿ ಓದಿ. ನಮಗೆ ಹಣ ಕೊಡಬೇಕಾದವರು ನಮ್ಮಿಂದಲೇ ಹಣ ಕೇಳಿದರೆ ಅದು ಮೋಸ ಅನ್ನುವುದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ವಿಷಯದಲ್ಲಿ ಹಣದ ಮಾತು ಬಂದಿದ್ದು ತೀರಾ ಕೊನೆಗೆ. ಅಷ್ಟರೊಳಗೆ ಹಣಕ್ಕಿಂತ ಬೆಲೆಬಾಳುವ ಕೆಲವು ಅವರ ಕೈ ಸೇರಿಯಾಗಿತ್ತು. ಎಚ್ಚರಿಕೆ ಕೊಡುವವರು ಸಾಮಾನ್ಯವಾಗಿ ಹಣದ ಬಗ್ಗೆ ಮಾತ್ರ ಹೇಳುತ್ತಾರೆ. ಅದಕ್ಕಿಂತ ಮುಂಚೆ ಏನೇನು ನಡೆಯುತ್ತದೆ ಎಂದು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ವಿದ್ಯಾರ್ಥಿಗಳೇ ನಡೆಸುವ ಒಂದು ಗುಂಪಿನಲ್ಲಿ ಯುರೋಪಿನ ಹೆಸರಾಂತ ವಿಶ್ವವಿದ್ಯಾಲಯವೊಂದರ ಹೆಸರಿನಲ್ಲಿ ಪ್ರಕಟಣೆ ಬಂತು: ಬೇಸಿಗೆ ಸಂಶೋಧನಾ ಫೆಲೋಶಿಪ್, ಸ್ಟೈಪೆಂಡ್ ಉಂಟು, ವಸತಿ ಉಂಟು, ವಿಮಾನದ ಟಿಕೆಟ್ ಅವರದೇ. ಅರ್ಜಿಗೆ ಶುಲ್ಕವಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಫಾರ್ಮ್ ಕೂಡ ಅಚ್ಚುಕಟ್ಟಾಗಿತ್ತು. ರೆಸ್ಯೂಮೆ, ಅಂಕಪಟ್ಟಿ, ಪಾಸ್‌ಪೋರ್ಟಿನ ಮೊದಲ ಪುಟ, ಸಂಶೋಧನಾ ಪ್ರಸ್ತಾವನೆ, ಜೊತೆಗೆ ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ. ಈ ಪತ್ರಗಳು ವಿಭಾಗದ ಲೆಟರ್‌ಹೆಡ್‌ನಲ್ಲೇ ಇರಬೇಕು, ಶಾಯಿಯ ಸಹಿ ಇರಬೇಕು, ಅಧ್ಯಾಪಕರ ಮೊಬೈಲ್ ನಂಬರ್ ಇರಬೇಕು, ಸ್ಕ್ಯಾನ್ ಮಾಡಿ ಅರ್ಜಿದಾರರೇ ಹಾಕಬೇಕು ಅನ್ನುವುದು ನಿಯಮ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೆಚ್ಚಿನ ಅಸಲಿ ಕಾರ್ಯಕ್ರಮಗಳಲ್ಲಿ ನೀವು ಅಧ್ಯಾಪಕರ ಹೆಸರು ಮತ್ತು ಸಂಸ್ಥೆಯ ಮೇಲ್ ವಿಳಾಸ ಕೊಟ್ಟರೆ ಸಾಕು. ಅವರಿಗೆ ನೇರವಾಗಿ ಒಂದು ಕೊಂಡಿ ಹೋಗುತ್ತದೆ, ಅವರು ಅಲ್ಲೇ ಪತ್ರ ಹಾಕುತ್ತಾರೆ, ನಿಮ್ಮ ಕಣ್ಣಿಗೂ ಅದು ಬೀಳುವುದಿಲ್ಲ. ವಿದ್ಯಾರ್ಥಿಯ ಕೈಯಿಂದಲೇ ಪತ್ರ ತರಿಸಿಕೊಳ್ಳುವ ಅಸಲಿ ಕಾರ್ಯಕ್ರಮಗಳೂ ಇವೆ. ಹಾಗಾಗಿ ಇದೊಂದನ್ನೇ ನೋಡಿ ತೀರ್ಮಾನಕ್ಕೆ ಬರಲಾಗದು. ಆದರೆ ಶಾಯಿಯ ಸಹಿ, ಲೆಟರ್‌ಹೆಡ್, ಮೊಬೈಲ್ ನಂಬರ್ ಮೂರನ್ನೂ ಒಟ್ಟಿಗೆ ಪಟ್ಟು ಹಿಡಿದು ಕೇಳಿದರೆ, ಅವರಿಗೆ ಬೇಕಾಗಿರುವುದು ನಿಮ್ಮ ಬಗೆಗಿನ ಅಭಿಪ್ರಾಯವೋ ಆ ಕಾಗದವೋ ಎಂದು ಒಮ್ಮೆ ಕೇಳಿಕೊಳ್ಳಿ.

ಕೆಲವು ದಿನ ಬಿಟ್ಟು ಸಂದರ್ಶನ ನಡೆಯಿತು. ಅದೂ ಚಾಟ್‌ನಲ್ಲಿ, ಬರೀ ಟೈಪ್ ಮಾಡಿ. ಎದುರಿಗಿದ್ದದ್ದು ಆ ವಿಶ್ವವಿದ್ಯಾಲಯದಲ್ಲಿ ನಿಜಕ್ಕೂ ಇರುವ ಒಬ್ಬ ಪ್ರೊಫೆಸರ್ ಅವರ ಹೆಸರು, ಅವರದೇ ಫೋಟೊ. ಪ್ರಯಾಣದಲ್ಲಿದ್ದೇನೆ, ವಿಡಿಯೊ ಆಗುವುದಿಲ್ಲ ಎಂದರು. ನನ್ನ ಪ್ರಸ್ತಾವನೆಯ ವಿಧಾನದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ನಾನು ಬಳಸಬೇಕೆಂದಿದ್ದ ಮಾದರಿಯಲ್ಲಿ ಎದ್ದು ಕಾಣುವ ಒಂದು ತೊಡಕಿತ್ತು. ಆ ವಿಷಯ ಗೊತ್ತಿರುವ ಯಾರೇ ಆಗಲಿ ಮೊದಲು ಅದನ್ನೇ ಹಿಡಿಯುತ್ತಿದ್ದರು. ಅವರು ಕೇಳಿದ್ದು ಬೇರೆ: ಇನ್ನೆಲ್ಲೆಲ್ಲಿ ಅರ್ಜಿ ಹಾಕಿದ್ದೀರಿ? ಎಲ್ಲಾದರೂ ಆಯ್ಕೆ ಆಗಿದೆಯೇ? ಉತ್ತರ ಕೊಡಲು ಕೊನೆಯ ದಿನ ಯಾವುದು?

ಮರುದಿನವೇ ಆಫರ್ ಲೆಟರ್ ಬಂತು. ಅದರಲ್ಲೊಂದು ಷರತ್ತು: ಈ ಫೆಲೋಶಿಪ್ ಒಪ್ಪಿಕೊಂಡವರು ಬೇರೆ ಎಲ್ಲ ಅರ್ಜಿಗಳನ್ನು ಹಿಂಪಡೆಯಬೇಕು, ಹಿಂಪಡೆದ ಮೇಲ್‌ಗಳ ಪ್ರತಿಯನ್ನು ಕಳಿಸಬೇಕು. ಆ ಹೊತ್ತಿಗೆ ಒಂದು ಅಸಲಿ ಪ್ರಯೋಗಾಲಯದಿಂದ ನನಗೆ ಇಂಟರ್ನ್‌ಶಿಪ್ ಸಿಕ್ಕಿತ್ತು. ಸ್ಟೈಪೆಂಡ್ ಕಡಿಮೆ, ಊರು ಚಿಕ್ಕದು, ಆದರೆ ಗೈಡ್ ಒಳ್ಳೆಯವರು, ಕೆಲಸ ನನ್ನದೇ ವಿಷಯದ್ದು. ಅದನ್ನು ಬಿಟ್ಟೆ. ಬಿಟ್ಟ ಸೀಟು ಎರಡೇ ದಿನದಲ್ಲಿ ಕಾಯುವ ಪಟ್ಟಿಯಲ್ಲಿದ್ದ ಇನ್ನೊಬ್ಬರಿಗೆ ಹೋಯಿತು. ಈ ಷರತ್ತು ಯಾಕೆ ಎಂದು ಆಮೇಲೆ ಅರ್ಥವಾಯಿತು: ಬೇರೆ ದಾರಿ ಇಲ್ಲದವನು ಹಣ ಕಟ್ಟುತ್ತಾನೆ. ಅಸಲಿ ಸಂಸ್ಥೆಗಳು ನಮ್ಮ ಆಫರ್ ಒಪ್ಪುತ್ತೀರೋ ಇಲ್ಲವೋ ಇಂಥ ದಿನದೊಳಗೆ ತಿಳಿಸಿ ಅನ್ನುತ್ತವೆ. ಒಂದೇ ಅವಧಿಗೆ ಎರಡು ಕಡೆಯ ಅನುದಾನ ತೆಗೆದುಕೊಳ್ಳಬಾರದು ಎಂಬ ನಿಯಮವೂ ಹಲವು ಕಡೆ ಇದೆ. ಆದರೆ ಬೇರೆಯವರಿಗೆ ನೀವು ಬರೆದ ನಿರಾಕರಣೆಯ ಮೇಲ್ ತೋರಿಸಿ ಎಂದು ಕೇಳಿದ ಅಸಲಿ ಸಂಸ್ಥೆಯನ್ನು ನಾನು ಇದುವರೆಗೆ ಕಂಡಿಲ್ಲ.

ಆ ಪತ್ರವನ್ನು ಈಗಲೂ ಇಟ್ಟುಕೊಂಡಿದ್ದೇನೆ. ಮೇಲ್ಗಡೆ ವಿಶ್ವವಿದ್ಯಾಲಯದ ಲಾಂಛನ, ದೊಡ್ಡದು ಮಾಡಿ ನೋಡಿದರೆ ಅಂಚು ಒಡೆದುಹೋಗುತ್ತದೆ. ಅಡಿಯಲ್ಲಿ ಅಸಲಿ ವಿಳಾಸ, ಆದರೆ ಫೋನ್ ನಂಬರಿನ ಮುಂದೆ ಬೇರೊಂದು ದೇಶದ ಕೋಡ್. ನನ್ನ ಹೆಸರಿರುವ ಜಾಗದ ಅಕ್ಷರ ಉಳಿದ ಅಕ್ಷರಗಳಿಗಿಂತ ಒಂದು ಕೂದಲೆಳೆಯಷ್ಟು ಕೆಳಗಿದೆ. ಸೀಲು ಸಹಿಯ ಹಿಂದೆ ಅಡಗಿದಂತೆ ಕಾಣುತ್ತದೆ. ಕಾಗದದ ಮೇಲೆ ನಿಜವಾಗಿ ಸೀಲು ಒತ್ತಿದ್ದರೆ ಶಾಯಿ ಒಂದರ ಮೇಲೊಂದು ಹರಡಿರುತ್ತಿತ್ತು.

ಪತ್ರ ಒಪ್ಪಿಕೊಂಡ ಮೇಲೆ ಹಣದ ಮಾತು. ವಸತಿಗೆ ಠೇವಣಿ, ‘ಪೂರ್ತಿ ಮರಳಿಸಲಾಗುವುದು’, ಗಡುವು 48 ಗಂಟೆ. ಖಾತೆ ವಿಶ್ವವಿದ್ಯಾಲಯದ ಹೆಸರಿನಲ್ಲಿಲ್ಲ, ಒಬ್ಬ ವ್ಯಕ್ತಿಯ ಹೆಸರಿನಲ್ಲಿದೆ, ಬ್ಯಾಂಕ್ ಇರುವುದು ಮೂರನೆಯ ದೇಶದಲ್ಲಿ. ಕೇಳಿದ್ದಕ್ಕೆ ‘ಹಣಕಾಸು ವಿಭಾಗದ ಅಧಿಕೃತ ಪ್ರತಿನಿಧಿ’ ಎಂಬ ಉತ್ತರ. ಮನೆಯವರು ಹೊಂದಿಸಿಕೊಟ್ಟ ಹಣ ಹೋಯಿತು. ಅದು ತಲುಪಿದ ಬೆನ್ನಿಗೇ ವೀಸಾ ವಿಮೆ ಎಂದು ಇನ್ನೊಂದು ಬೇಡಿಕೆ. ರಸೀದಿ ಕೊಡಿ ಎಂದಾಗ ಮಾತಿನ ವರಸೆ ಬದಲಾಯಿತು: ನಿಮ್ಮ ಸೀಟು ಬೇರೆಯವರಿಗೆ ಕೊಡುತ್ತೇವೆ, ಸುಳ್ಳು ಮಾಹಿತಿ ಕೊಟ್ಟಿದ್ದೀರಿ ಎಂದು ನಿಮ್ಮ ಕಾಲೇಜಿಗೆ ಬರೆಯುತ್ತೇವೆ. ಆಗ ವಿಶ್ವವಿದ್ಯಾಲಯದ ಜಾಲತಾಣವನ್ನು ನಾನೇ ಹುಡುಕಿ ತೆರೆದು, ಅಲ್ಲಿದ್ದ ವಿಳಾಸಕ್ಕೆ ಆ ಪ್ರೊಫೆಸರ್‌ಗೆ ಬರೆದೆ. ಅವರು ತಕ್ಷಣ ಉತ್ತರಿಸಿದರು. ಅಂಥ ಫೆಲೋಶಿಪ್ಪೇ ಇಲ್ಲ, ತಮ್ಮ ಹೆಸರು ಹೀಗೆ ಬಳಕೆಯಾಗಿದ್ದು ಇದೇ ಮೊದಲಲ್ಲ ಎಂದರು. ಅಷ್ಟರಲ್ಲಿ ಚಾಟ್ ಖಾತೆ ಮಾಯವಾಗಿತ್ತು.

ಇಲ್ಲಿಗೆ ಮುಗಿದಿದ್ದರೆ ಹಣ ಹೋಯಿತು ಎಂದು ಸುಮ್ಮನಾಗುತ್ತಿದ್ದೆನೋ ಏನೋ. ಕೆಲವು ತಿಂಗಳ ನಂತರ ನನಗೆ ಶಿಫಾರಸು ಪತ್ರ ಕೊಟ್ಟಿದ್ದ ಮೇಡಂಗೆ ಬೇರೊಂದು ಸಂಸ್ಥೆಯಿಂದ ಮೇಲ್ ಬಂತು: ಈ ವಿದ್ಯಾರ್ಥಿಗೆ ಪತ್ರ ಕೊಟ್ಟವರು ನೀವೇನಾ? ಅವರು ಹೆಸರು ಕೂಡ ಕೇಳಿರದ ಯಾರಿಗೋ, ಅವರದೇ ಲೆಟರ್‌ಹೆಡ್‌ನಲ್ಲಿ, ಅವರದೇ ಸಹಿಯೊಂದಿಗೆ ಭರ್ಜರಿ ಹೊಗಳಿಕೆಯ ಪತ್ರ. ನನಗೆ ಕೊಟ್ಟ ಪತ್ರದ ಕೊನೆಯ ಪ್ಯಾರಾ ಒಂದಕ್ಷರ ಬದಲಾಗದೆ ಅದರಲ್ಲಿತ್ತು. ಮೇಡಂ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ಅವರು ವಿಭಾಗಕ್ಕೆ ವಿವರಣೆ ಬರೆದುಕೊಡಬೇಕಾಯಿತು, ದೂರು ಕೊಡಬೇಕಾಯಿತು, ಹೊತ್ತುಗೊತ್ತಿಲ್ಲದೆ ಬರುವ ಕರೆಗಳಿಂದ ನಂಬರ್ ಬದಲಾಯಿಸಬೇಕಾಯಿತು. ಈಗ ಅವರು ಸಹಿ ಮಾಡಿದ ಪಿಡಿಎಫ್ ಯಾರ ಕೈಗೂ ಕೊಡುವುದಿಲ್ಲ. ನನ್ನ ನಂತರ ಬಂದ, ಏನೂ ಅರಿಯದ ವಿದ್ಯಾರ್ಥಿಗಳಿಗೆ ಇದರಿಂದ ತೊಂದರೆಯಾಗುತ್ತಿದೆ. ನನ್ನನ್ನು ಹೆಚ್ಚು ನೋಯಿಸಿದ್ದು ಇದೇ.

ಇನ್ನು ಮೇಲ್ ವಿಳಾಸದ ವಿಚಾರ. ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರಿಗೆ ಡೊಮೇನ್ ಎನ್ನುತ್ತಾರೆ. ಅದರ ಕೊನೆಯಲ್ಲಿ ಬರುವ ಅಮೆರಿಕದ .ಇಡಿಯು (.edu) ಮತ್ತು ಬ್ರಿಟನ್ನಿನ .ಎಸಿ.ಯುಕೆ (.ac.uk) ಯಾರು ಬೇಕಾದರೂ ಕೊಳ್ಳುವ ಹೆಸರುಗಳಲ್ಲ. ಮೊದಲನೆಯದನ್ನು ಎಜುಕಾಸ್ ಸಂಸ್ಥೆ, ಎರಡನೆಯದನ್ನು ಜಿಸ್ಕ್ ಸಂಸ್ಥೆ, ಅರ್ಹತೆ ನೋಡಿ ಕೊಡುತ್ತವೆ. ಆದರೆ ಜರ್ಮನಿಯ ವಿಶ್ವವಿದ್ಯಾಲಯಗಳು ಬಳಸುವ .ಡಿಇ, ಸ್ವಿಟ್ಜರ್ಲೆಂಡಿನ .ಸಿಎಚ್ ಇವು ಎಲ್ಲರಿಗೂ ತೆರೆದಿವೆ. ಅಲ್ಲಿ ವಿಶ್ವವಿದ್ಯಾಲಯದ ಹೆಸರಿಗೆ ಒಂದು ಅಡ್ಡಗೆರೆ, ಒಂದು ‘ಗ್ರಾಂಟ್ಸ್’ ಸೇರಿಸಿ ಯಾರು ಬೇಕಾದರೂ ನೋಂದಾಯಿಸಬಹುದು. ನನಗೆ ಬಂದದ್ದೂ ಅಂಥದ್ದೇ. ಜಿಮೇಲ್‌ನಲ್ಲಿ ಮೂಲ ಸಂದೇಶ ತೆರೆದು ನೋಡಿದರೆ ಎಸ್‌ಪಿಎಫ್, ಡಿಕೆಐಎಂ ಎಂಬ ಎರಡು ತಾಂತ್ರಿಕ ತಪಾಸಣೆಗಳೂ ಪಾಸ್ ಎಂದೇ ತೋರಿಸುತ್ತಿತ್ತು. ಇದನ್ನು ನೋಡಿ ಹಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಪಾಸ್ ಎಂದರೆ ಮೇಲ್ ಆ ಡೊಮೇನ್‌ನಿಂದಲೇ ಹೊರಟಿದೆ ಎಂದಷ್ಟೇ ಅರ್ಥ. ಡೊಮೇನ್ ಯಾರದು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ, ಅಥವಾ ಆ ದೇಶದ ನೋಂದಣಿ ಸಂಸ್ಥೆಯ ಪುಟದಲ್ಲಿ ಡೊಮೇನ್ ಹೆಸರು ಹಾಕಿ ನೋಡಿ. ಎಷ್ಟೋ ಡೊಮೇನ್‌ಗಳಿಗೆ ನೋಂದಣಿಯಾದ ತಾರೀಖು ಸಿಗುತ್ತದೆ. ನೂರಾರು ವರ್ಷದ ವಿಶ್ವವಿದ್ಯಾಲಯದ ಡೊಮೇನ್ ಕಳೆದ ತಿಂಗಳು ಹುಟ್ಟಿರುವುದು ಸಾಧ್ಯವಿಲ್ಲ.

ಅಸಲಿಗಳು ಹೇಗಿರುತ್ತವೆ ಎಂದು ತಿಳಿದಿದ್ದರೆ ನಕಲಿ ಬೇಗ ಗೊತ್ತಾಗುತ್ತದೆ. ವಿಶ್ವಸಂಸ್ಥೆಯ ನೇಮಕಾತಿ ಪ್ರಕಟಣೆಗಳಲ್ಲಿ ಅರ್ಜಿ, ಸಂದರ್ಶನ, ತರಬೇತಿ ಯಾವ ಹಂತದಲ್ಲೂ ಶುಲ್ಕವಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಇನ್ನೊಂದು ಮಾತು, ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವೇ ಇಲ್ಲ. ಆದ್ದರಿಂದ ಅದರ ಹೆಸರಿನಲ್ಲಿ ಕೈತುಂಬ ಸ್ಟೈಪೆಂಡ್ ಎಂದು ಬಂದರೆ ಓದುವುದೇ ಬೇಡ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಕೋರ್ಸ್‌ಗಳ ವಿದ್ಯಾರ್ಥಿವೇತನ ತಿಂಗಳಿಗೆ 1400 ಯೂರೊ, ಗರಿಷ್ಠ 24 ತಿಂಗಳು. ಈ ಮೊತ್ತ ಬಹಿರಂಗವಾಗಿ ಪ್ರಕಟವಾಗಿರುವುದರಿಂದ ಯಾರಾದರೂ ಇದರ ಎರಡು ಪಟ್ಟು ಹೇಳಿದರೆ ಕೂಡಲೇ ಗೊತ್ತಾಗುತ್ತದೆ. ಕೆನಡಾದ ಮೈಟಾಕ್ಸ್ ಗ್ಲೋಬಲಿಂಕ್ ಇಂಟರ್ನ್‌ಶಿಪ್ 12 ವಾರದ್ದು, ಅದೂ ಅದು ಒಪ್ಪಂದ ಮಾಡಿಕೊಂಡ ದೇಶಗಳ ಪದವಿ ವಿದ್ಯಾರ್ಥಿಗಳಿಗೆ. ಯುರೋಪಿಯನ್ ಒಕ್ಕೂಟದ ಹಣದಲ್ಲಿ ಪಿಎಚ್.ಡಿ. ಮಾಡಿಸುವ ಮರಿ ಕ್ಯೂರಿ ಡಾಕ್ಟರಲ್ ಜಾಲಗಳಲ್ಲಿ ನಿಯಮ ಇನ್ನೂ ಬಿಗಿ: ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ನೇಮಕವಾಗುವ ದೇಶದಲ್ಲಿ ವಾಸಿಸಿರಬಾರದು. ಈ ಹುದ್ದೆಗಳ ಪ್ರಕಟಣೆ ಯುರೋಪಿನ ಸಂಶೋಧನಾ ಹುದ್ದೆಗಳ ಯುರಾಕ್ಸೆಸ್ ತಾಣದಲ್ಲಿ ಇರುತ್ತದೆ. ಅಸಲಿ ಕಾರ್ಯಕ್ರಮ ನಿಮ್ಮನ್ನು ಹೊರಗಿಡಲು ನೂರು ಕಾರಣ ಹುಡುಕುತ್ತದೆ. ನನಗೆ ಬಂದ ಫಾರ್ಮ್‌ನಲ್ಲಿ ಅರ್ಹತೆಯ ಷರತ್ತು ಒಂದೂ ಇರಲಿಲ್ಲ, ಯಾವ ವಿಷಯದವರಾದರೂ ಆಗಬಹುದು, ಯಾವ ವರ್ಷದವರಾದರೂ ಆಗಬಹುದು.

ಹಾಗೆಂದು ಎಲ್ಲ ಶುಲ್ಕವೂ ಮೋಸವೆಂದು ತಿಳಿಯಬೇಡಿ, ಅದರಿಂದಲೂ ಒಳ್ಳೆಯ ಅವಕಾಶ ತಪ್ಪುತ್ತದೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಗೆ ಶುಲ್ಕ ತೆಗೆದುಕೊಳ್ಳುತ್ತವೆ, ಕೇಳಿಕೊಂಡರೆ ಕೆಲವು ಕಡೆ ಮನ್ನಾ ಕೂಡ ಮಾಡುತ್ತಾರೆ. ವೀಸಾ ಶುಲ್ಕ ಕಟ್ಟಲೇಬೇಕು. ಆದರೆ ಅದು ಹೋಗುವುದು ಆ ದೇಶದ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ವೀಸಾ ಕೇಂದ್ರಕ್ಕೆ. ಪ್ರೊಫೆಸರ್ ಹೇಳಿದ ಖಾತೆಗೆ ಹೋಗುವುದಿಲ್ಲ. ಹಣ ಕೇಳಿದರು ಎಂಬುದಕ್ಕಿಂತ ಯಾವುದಕ್ಕೆ, ಯಾರ ಹೆಸರಿನ ಖಾತೆಗೆ ಕೇಳಿದರು ಎಂಬುದನ್ನು ನೋಡಿ. ಹಣ ತೆಗೆದುಕೊಂಡು ‘ವರ್ಚುವಲ್ ರಿಸರ್ಚ್ ಇಂಟರ್ನ್‌ಶಿಪ್’ ಪ್ರಮಾಣಪತ್ರ ಕೊಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಕಾನೂನಿನ ಪ್ರಕಾರ ಮೋಸಗಾರರಲ್ಲದಿರಬಹುದು. ಆದರೆ ಗೈಡ್ ಯಾರು, ಏನು ಕೆಲಸ ಮಾಡಿದಿರಿ ಎಂದು ಯಾರಾದರೂ ಕೇಳಿದಾಗ ಆ ಕಾಗದ ಉತ್ತರ ಕೊಡುವುದಿಲ್ಲ.

ಈಗಾಗಲೇ ಇಂಥವರಿಗೆ ದಾಖಲೆ ಕೊಟ್ಟಿದ್ದರೆ ಸುಮ್ಮನೆ ಕೂರಬೇಡಿ, ನಾಚಿಕೆಯೂ ಪಡಬೇಡಿ. ಹಣ ಹೋಗಿದ್ದರೆ ಮೊದಲು ಬ್ಯಾಂಕಿಗೆ ತಿಳಿಸಿ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಯಲು ಸಾಧ್ಯವಾಗಬಹುದು, ತಡವಾದಷ್ಟೂ ಕಷ್ಟ. ಆಮೇಲೆ ಸೈಬರ್ ಅಪರಾಧ ವಿಭಾಗಕ್ಕೆ ದೂರು. ಪಾಸ್‌ಪೋರ್ಟ್ ಪ್ರತಿ ಹೋಗಿದ್ದರೆ ಆ ದೂರಿನಲ್ಲಿ ಅದನ್ನೂ ಬರೆಸಿ. ಮುಂದೆ ಯಾರಾದರೂ ನಿಮ್ಮ ಹೆಸರಿನಲ್ಲಿ ಏನಾದರೂ ಮಾಡಿದರೆ ತೋರಿಸಲು ಒಂದು ದಾಖಲೆ ಇರುತ್ತದೆ. ‘ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇವೆ’ ಎಂದು ಕರೆ ಮಾಡುವವರನ್ನು ಹತ್ತಿರಕ್ಕೂ ಸೇರಿಸಬೇಡಿ. ನನಗೂ ಅಂಥ ಕರೆ ಬಂದಿತ್ತು, ನಾನು ಕಟ್ಟಿದ ಮೊತ್ತ ಪೈಸೆ ತಪ್ಪದೆ ಅವರಿಗೆ ಗೊತ್ತಿತ್ತು.

ಶಿಫಾರಸು ಪತ್ರ ಕೊಟ್ಟ ಅಧ್ಯಾಪಕರಿಗೆ ಅದೇ ದಿನ ಹೇಳಿ. ಈ ಒಂದು ಕೆಲಸವನ್ನು ಹಲವರು ಮುಂದಕ್ಕೆ ಹಾಕುತ್ತಾರೆ. ಮುಖ ತೋರಿಸಲು ಮುಜುಗರವಾದರೆ ಮೇಲ್ ಬರೆದರೂ ಸಾಕು. ಅವರಿಗೆ ಗೊತ್ತಿದ್ದರೆ ವಿಭಾಗಕ್ಕೆ ಮೊದಲೇ ತಿಳಿಸಿಡಬಹುದು, ಬೇರೆ ಸಂಸ್ಥೆ ವಿಚಾರಿಸಿದಾಗ ಒಂದೇ ಸಾಲಿನಲ್ಲಿ ಉತ್ತರಿಸಬಹುದು. ಹೆಸರು ದುರ್ಬಳಕೆಯಾದ ಅಸಲಿ ವಿಶ್ವವಿದ್ಯಾಲಯಕ್ಕೂ ಬರೆಯಿರಿ. ಸ್ಕ್ರೀನ್‌ಶಾಟ್ ಸಾಲದು, ಬಂದ ಮೇಲ್ ಅನ್ನು ಹಾಗೆಯೇ ಅಟ್ಯಾಚ್ ಮಾಡಿ ಕಳಿಸಿ, ಅದರ ಹೆಡರ್‌ನಲ್ಲಿ, ಅಂದರೆ ಮೇಲ್ ಎಲ್ಲಿಂದ ಹೇಗೆ ಬಂತು ಎಂದು ದಾಖಲಾಗಿರುವ ಭಾಗದಲ್ಲಿ, ಇರುವ ಮಾಹಿತಿ ಅವರಿಗೆ ಬೇಕಾಗುತ್ತದೆ. ನಾನು ಕಳಿಸಿದ ಮೇಲೆ ಆ ಪ್ರೊಫೆಸರ್ ತಮ್ಮ ಪುಟದಲ್ಲಿ ಎಚ್ಚರಿಕೆ ಹಾಕಿದರು, ಆ ನಕಲಿ ತಾಣ ಈಗ ತೆರೆಯುವುದಿಲ್ಲ. ಆದರೆ ಅದೇ ಫಾರ್ಮ್, ಶಾಯಿಯ ಸಹಿಯ ಅದೇ ನಿಯಮ, ಬೇರೊಂದು ವಿಶ್ವವಿದ್ಯಾಲಯದ ಹೆಸರಿನಲ್ಲಿ ಮತ್ತೆ ಹರಿದಾಡುತ್ತಿದೆ. ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಆ ವಿಶ್ವವಿದ್ಯಾಲಯದ ಕಚೇರಿಗೆ ಒಂದು ಮೇಲ್ ಬರೆದು ಕೇಳಿ.