ಟ್ರೇಲರ್‌ಗೆ ಟ್ಯೂಬುಲರ್ ಬ್ಯಾಟರಿಯೋ, ಲಿಥಿಯಮ್ಮೋ?

ಕಲಬುರಗಿಯಿಂದ ಬೀದರ್ ಕಡೆ ಟ್ರೇಲರ್ ಎಳೆದುಕೊಂಡು ಹೋಗಿ ಅದರಲ್ಲೇ ಎರಡು ರಾತ್ರಿ ಇರಬೇಕು, ಫ್ಯಾನ್, ಫ್ರಿಜ್ ಓಡಿಸೋಕೆ ಯಾವ ಬ್ಯಾಟರಿ ಹಾಕಲಿ ಎಂದು ಕೇಳಿದ್ದೀರಿ. ಕಾರಿನ ಬ್ಯಾಟರಿ ಮಾತ್ರ ಬೇಡ. ಅದು ಇಂಜಿನ್ ಸ್ಟಾರ್ಟ್ ಮಾಡೋಕೆ ಇರುವುದು, ಪದೇ ಪದೇ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ.

ಟ್ಯೂಬುಲರ್ ಎಂದರೆ ಮನೆಯ ಇನ್ವರ್ಟರ್‌ಗೆ ಹಾಕುವಂಥ ಸೀಸದ ಬ್ಯಾಟರಿ, ಮೊದಲ ಖರ್ಚಿನಲ್ಲಿ ಅದು ಅಗ್ಗ. ಆದರೆ ಅದನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡದಿದ್ದರೆ ಒಳ್ಳೆಯದು. ಅಂದರೆ 12 ವೋಲ್ಟಿನ 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಿಂದ ಬಳಸಲು ಸಿಗುವುದು ಸುಮಾರು 600 ವ್ಯಾಟ್-ಅವರ್. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ (ಲಿಥಿಯಂ ಬ್ಯಾಟರಿಯ ಒಂದು ಬಗೆ) 1,000 ದಾಟುತ್ತದೆ. 25 ವ್ಯಾಟಿನ ಫ್ಯಾನ್ ರಾತ್ರಿ 10 ಗಂಟೆ ಓಡಿದರೆ 250 ಬೇಕು, ಲೆಕ್ಕ ಹಾಕಿ ನೋಡಿ. ತೂಕದಲ್ಲೂ ಲಿಥಿಯಂ ತುಂಬಾ ಹಗುರ. ಟ್ರೇಲರ್‌ಗೆ ಇದು ದೊಡ್ಡ ಮಾತು, ಅಲ್ವಾ?

ನಮ್ಮ ಬಿಸಿಲೇ ನನಗೆ ಹೆಚ್ಚು ಚಿಂತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಶಾಖ ಸುಮಾರು 10 ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ, ನೀರೂ ಬೇಗ ಆರುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರು ಖಂಡಿತ ಬೇಡ. ಚಾರ್ಜ್ ಆಗುವಾಗ ಇದರಿಂದ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬರುತ್ತದೆ, ಮಲಗುವ ಜಾಗದಿಂದ ದೂರ, ಗಾಳಿಯಾಡುವ ಕಡೆ ಇಡಿ. ಲಿಥಿಯಂಗೂ ನೆರಳು ಬೇಕು. ಜೊತೆಗೆ ಅದಕ್ಕೆ ಹೊಂದುವ ಚಾರ್ಜರ್ ಬೇಕು.

ಟ್ರೇಲರ್ ತಿಂಗಳುಗಟ್ಟಲೆ ನಿಂತರೆ ಟ್ಯೂಬುಲರನ್ನು ಫುಲ್ ಚಾರ್ಜಿನಲ್ಲಿಡಿ, ಲಿಥಿಯಮ್ಮನ್ನು ಸುಮಾರು ಅರ್ಧದಲ್ಲಿ.

ವರ್ಷಕ್ಕೆ ಎರಡು ಸಲ ಹೋಗುವವರಿಗೆ ಟ್ಯೂಬುಲರ್ ಸಾಕು. ಫ್ರಿಜ್ ಇಟ್ಟುಕೊಂಡು ಪ್ರತಿ ತಿಂಗಳು ಹೊರಡುವವರು ಲಿಥಿಯಂಗೆ ದುಡ್ಡು ಹಾಕಲಿ.