ಅಳತೆ ಕೊಟ್ಟು ಸ್ಟೆಪ್ ಡ್ರಿಲ್ ಮಾಡಿಸುವ ಮೊದಲು ಇದನ್ನೊಮ್ಮೆ ಓದಿ

ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಉಂಟು. ಒಂದು ಲೇತ್, ಒಂದು ಮಿಲ್ಲಿಂಗ್ ಮೆಷಿನ್, ಎರಡು ಪಿಲ್ಲರ್ ಡ್ರಿಲ್. ನಾನೂ ಸೇರಿ ನಾಲ್ಕು ಜನ. ಕಳೆದ ಮಳೆಗಾಲದಲ್ಲಿ ಅಳತೆ ಕೊಟ್ಟು ಮಾಡಿಸಿದ ಸ್ಟೆಪ್ ಡ್ರಿಲ್‌ಗಳಿಂದ ನಮಗೆ ಏನಾಯ್ತು ಅಂತ ಬರೆಯುತ್ತಿದ್ದೇನೆ. ಸ್ಟೆಪ್ ಡ್ರಿಲ್ ಅಂದರೆ ಒಂದೇ ಬಿಟ್‌ನಲ್ಲಿ ಎರಡು ಅಥವಾ ಹೆಚ್ಚು ವ್ಯಾಸ ಮೆಟ್ಟಿಲಿನ ಹಾಗೆ ಇರುವ ಡ್ರಿಲ್. ಮಂಗಳೂರು, ಉಡುಪಿ ಕಡೆ ನಮ್ಮಂಥ ಶಾಪ್ ಇಟ್ಟುಕೊಂಡವರು ಅನೇಕರಿದ್ದಾರೆ. ಬಂದರು ಕಡೆಯ ಅಂಗಡಿಗಳಲ್ಲಿ ಸಾಮಾನ್ಯ ಡ್ರಿಲ್, ಟ್ಯಾಪ್ ಎಲ್ಲ ಸಿಗುತ್ತದೆ. ನಮ್ಮ ಅಳತೆಗೇ ಒಂದು ಟೂಲ್ ಬೇಕು ಅಂದಾಗ ಮಾತ್ರ ಫೋನ್ ಹಿಡಿದು ಹುಡುಕಬೇಕಾಗುತ್ತದೆ. ಮುಖ ನೋಡದವರಿಗೆ ಹಣ ಹಾಕಬೇಕಾಗುತ್ತದೆ. ನಾನು ಎಡವಿದ್ದು ಅಲ್ಲೇ.

ಕೆಲಸ ಮಲ್ಪೆಯದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟುಗಳ ರಿಪೇರಿ, ಪೇಂಟಿಂಗ್, ವಿಂಚ್ ಬದಲಾವಣೆ ಎಲ್ಲ ಈ 61 ದಿನದೊಳಗೆ ಮುಗಿಯಬೇಕು. ಬೋಟಿನ ಸಾಮಾನು ಮಾಡಿಕೊಡುವ ಒಬ್ಬರು ನನಗೆ 80 ಸ್ಟೀಲ್ ಬ್ಲಾಕ್‌ಗಳ ಆರ್ಡರ್ ಕೊಟ್ಟರು. ಉಪ್ಪುನೀರಿನ ಕೆಲಸ ಆದ ಕಾರಣ ಎಸ್‌ಎಸ್ 316, ಅಂದರೆ ಬೇಗ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್. ಒಂದೊಂದರಲ್ಲಿ ನಾಲ್ಕು ತೂತು, ಅಂದರೆ ಒಟ್ಟು 320. ಪ್ರತಿ ತೂತಿಗೂ ಎಂ8 ಟ್ಯಾಪ್ ಹೊಡೆಯಬೇಕು, ಅಂದರೆ 8 ಎಂಎಂ ಬೋಲ್ಟ್ ಕೂರುವ ಥ್ರೆಡ್ ಮಾಡಬೇಕು. ಮೇಲೆ ಬುಷ್ ಕೂರಲು 12 ಎಂಎಂ ಅಗಲದ, 3 ಎಂಎಂ ಆಳದ ಚಪ್ಪಟೆ ಜಾಗ ಬೇಕು. ತೂತು ಆರಪಾರ ಅಲ್ಲ, ಒಳಗೇ ನಿಲ್ಲುತ್ತದೆ. ಜುಲೈ 25ಕ್ಕೆ ಕೊಡಬೇಕು ಅಂತ ಮಾತಾಯ್ತು.

ಎರಡು ಸಲ ಟೂಲ್ ಬದಲಿಸುವ ಬದಲು 6.8 (ಎಂ8 ಟ್ಯಾಪಿಗೆ ಮೊದಲು ಕೊರೆಯುವ ಅಳತೆ) ಮತ್ತು 12 ಎಂಎಂ ಎರಡೂ ಒಂದೇ ಬಿಟ್‌ನಲ್ಲಿ ಇದ್ದರೆ ಕೆಲಸ ಅರ್ಧ ಆಗುತ್ತದೆ ಅನ್ನಿಸಿತು. ಈಗಲೂ ಆ ಯೋಚನೆ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಜೂನ್ 5ಕ್ಕೆ ಹುಡುಕಲು ಶುರು ಮಾಡಿದೆ. ಮೊದಲು ಸಿಕ್ಕಿದವರೇ ತುಂಬಾ ಚೆನ್ನಾಗಿ ಮಾತಾಡಿದರು. ಬೆಂಗಳೂರಿನ ಪೀಣ್ಯದಲ್ಲಿ ಸ್ವಂತ ಫ್ಯಾಕ್ಟರಿ, ಕೋಬಾಲ್ಟ್ ಸ್ಟೀಲ್, ಮೇಲೆ ಟೈಟಾನಿಯಂ ಕೋಟಿಂಗ್, ಹತ್ತೇ ದಿನದಲ್ಲಿ ಕೈಗೆ ಅಂದರು. ನಾನೊಂದು ಹಾಳೆಯಲ್ಲಿ ಪೆನ್ಸಿಲ್‌ನಿಂದ ಚಿತ್ರ ಬರೆದು, ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. 6.8, ಅದರ ಉದ್ದ 20, ಮೇಲೆ 12. ಅಷ್ಟೇ ಬರೆದದ್ದು. ಐದು ನಿಮಿಷಕ್ಕೆ ಉತ್ತರ ಬಂತು: 'ಓಕೆ ಸರ್, ಆಗುತ್ತೆ.'

ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಯಾವ ಲೋಹಕ್ಕೆ ಅಂತ ಕೇಳಲಿಲ್ಲ. ಯಾವ ಮೆಷಿನ್, ಎಷ್ಟು ತೂತು, ಏನೂ ಇಲ್ಲ. ಆವತ್ತು ನನಗೆ ಅದು ಖುಷಿಯ ವಿಷಯವೇ ಆಗಿತ್ತು. ಕೆಲಸ ಗೊತ್ತಿದ್ದವರು, ಹೇಳಿದ್ದು ತಕ್ಷಣ ಅರ್ಥ ಆಯ್ತು ಅಂದುಕೊಂಡೆ.

ಅದಕ್ಕಿಂತ ದೊಡ್ಡ ಸೂಚನೆ ಅವರು ಕಳಿಸಿದ ಫೋಟೊದಲ್ಲೇ ಇತ್ತು. ಸ್ಯಾಂಪಲ್ ಅಂತ ಬಂದದ್ದು ಕ್ರಿಸ್‌ಮಸ್ ಮರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಗಲ ಆಗುವ ಚಿನ್ನದ ಬಣ್ಣದ ಬಿಟ್. ಅದು ತೆಳು ಶೀಟಿಗೆ, ಪ್ಯಾನೆಲ್ ಬೋರ್ಡಿಗೆ ತೂತು ಮಾಡುವ ಬಿಟ್. ಸಾಮಾನ್ಯವಾಗಿ 3 ಎಂಎಂವರೆಗಿನ ತಗಡಿಗೆ ಸರಿ. ನನಗೆ ಬೇಕಾದದ್ದು ಮಾಮೂಲಿ ಟ್ವಿಸ್ಟ್ ಡ್ರಿಲ್‌ನಂತೆಯೇ ಇದ್ದು, ಒಂದೇ ಮೆಟ್ಟಿಲಿರುವ, ದಪ್ಪ ಲೋಹದ ಬಿಟ್. ಎರಡಕ್ಕೂ ಸ್ಟೆಪ್ ಡ್ರಿಲ್ ಅಂತಲೇ ಹೆಸರು. ಕೆಲಸಗಳು ಬೇರೆ ಬೇರೆ. ನಾನು ಕೇಳಿದಾಗ, 'ಅದು ಸುಮ್ನೆ ಫೋಟೊ ಸರ್, ನಿಮ್ಮದು ಡ್ರಾಯಿಂಗ್ ಪ್ರಕಾರ ಬರುತ್ತೆ' ಅಂದರು. ಒಪ್ಪಿಕೊಂಡೆ.

ಆರು ಬಿಟ್, ಒಂದಕ್ಕೆ 2,200 ರೂಪಾಯಿ. ಶೇ 18 ಜಿಎಸ್‌ಟಿ ಸೇರಿ 15,576. ಕಸ್ಟಮ್ ಮಾಲು ಆದ್ದರಿಂದ ಪೂರ್ತಿ ಹಣ ಮೊದಲೇ ಅಂದರು. ಹಾಕಿದೆ.

ಹತ್ತು ದಿನ ಕಳೆಯಿತು. ಇಪ್ಪತ್ತು ಕಳೆಯಿತು. ಫೋನ್ ಮಾಡಿದಾಗಲೆಲ್ಲ ನಾಳೆ ಡಿಸ್ಪ್ಯಾಚ್. ಮಲ್ಪೆಯವರು ದಿನಾ ಸಂಜೆ ಫೋನ್ ಮಾಡಿ 'ಎಂಥ ಆಯ್ತು ಮಾರಾಯ್ರೆ, ಬೋಟಿನವರು ನನ್ನನ್ನು ಬಿಡುವುದಿಲ್ಲ' ಅನ್ನುತ್ತಿದ್ದರು. ಕೊನೆಗೆ ಜುಲೈ 8ಕ್ಕೆ ಕೊರಿಯರ್ ಬಂತು. ಬಿಲ್ ನೋಡಿದರೆ ಜಿಎಸ್‌ಟಿ ನಂಬರ್ 07ರಿಂದ ಶುರು. 07 ಅಂದರೆ ದೆಹಲಿ. ಕರ್ನಾಟಕದ್ದು 29. ಪೀಣ್ಯದ ಫ್ಯಾಕ್ಟರಿಯ ಬಿಲ್ಲಿನಲ್ಲಿ 07 ಯಾಕೆ ಬರಬೇಕು? ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಹದಿನೈದು ಅಕ್ಷರದ ನಂಬರ್ ಹಾಕಿ ನೋಡಿದೆ. ಲಾಗಿನ್ ಏನೂ ಬೇಡ, ಯಾರೂ ನೋಡಬಹುದು. ವ್ಯವಹಾರದ ಬಗೆ ಅನ್ನುವ ಜಾಗದಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರ ಅಂತಿತ್ತು. ಫ್ಯಾಕ್ಟರಿ ಅನ್ನುವ ಮಾತೇ ಇಲ್ಲ. ಎರಡು ನಿಮಿಷದ ಕೆಲಸ. ಜೂನ್ 5ಕ್ಕೇ ಮಾಡಿದ್ದರೆ ಈ ಬರಹವೇ ಬೇಕಿರಲಿಲ್ಲ.

ಇನ್ನು ಬಿಟ್‌ಗಳ ಕಥೆ. ನೋಡಲು ಚಂದ ಇದ್ದವು. ಹೊಳೆಯುವ ಚಿನ್ನದ ಬಣ್ಣ. 12 ಎಂಎಂ ಅಳತೆಗೆ ಲೆಕ್ಕ ಹಾಕಿ 260 ಆರ್‌ಪಿಎಂ ಇಟ್ಟೆವು. ಸ್ಟೆಪ್ ಡ್ರಿಲ್‌ನಲ್ಲಿ ವೇಗವನ್ನು ಯಾವತ್ತೂ ದೊಡ್ಡ ವ್ಯಾಸಕ್ಕೇ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಹೊರಗಿನ ಮೂಲೆ ಸುಟ್ಟುಹೋಗುತ್ತದೆ. ಕೂಲೆಂಟ್ ಧಾರಾಳ ಬಿಟ್ಟೆವು. ಮೊದಲ ತೂತು ಆಯ್ತು. ಎರಡನೆಯದರಲ್ಲಿ ಕಿರುಚಲು ಶುರು. ಮೂರನೆಯದರಲ್ಲಿ ಬಿಟ್ ಇಳಿಯುವುದನ್ನೇ ನಿಲ್ಲಿಸಿತು. ಮೂಲೆಗಳು ಕಪ್ಪಾಗಿ ಉರುಟಾಗಿದ್ದವು. ಸ್ಟೇನ್‌ಲೆಸ್ ಜೊತೆ ಕೆಲಸ ಮಾಡಿದವರಿಗೆ ಇದರ ಕಷ್ಟ ಗೊತ್ತು. ಬಿಟ್ ಕತ್ತರಿಸದೆ ಉಜ್ಜಿತು ಅಂದರೆ ಆ ಜಾಗದ ಲೋಹ ಇನ್ನೂ ಗಟ್ಟಿಯಾಗುತ್ತದೆ. ಆಮೇಲೆ ಒಳ್ಳೆಯ ಬಿಟ್ ಹಾಕಿದರೂ ಹಿಡಿಯುವುದು ಕಷ್ಟ. ಎರಡನೇ ಬಿಟ್ ಮೆಟ್ಟಿಲಿನ ಬುಡದಲ್ಲೇ ಲಟಕ್ ಅಂತ ಮುರಿಯಿತು. ಆ ಮೂಲೆಯನ್ನು ಸ್ವಲ್ಪವೂ ಉರುಟು ಮಾಡದೆ ಚೂಪಾಗಿ ಗ್ರೈಂಡ್ ಮಾಡಿದ್ದರು. ಒತ್ತಡ ಎಲ್ಲ ಬೀಳುವುದು ಅಲ್ಲೇ.

ಮೂರನೆಯದನ್ನು ಹಾಕುವ ಮೊದಲು ಓಲಾಟ ಅಳೆಯುವ ಡಯಲ್ ಇಟ್ಟು ತಿರುಗಿಸಿ ನೋಡಿದೆವು. 12 ಎಂಎಂ ಭಾಗ ಸರಿ ಇತ್ತು. 6.8 ಭಾಗ 0.15 ಎಂಎಂ ಓಲಾಡುತ್ತಿತ್ತು. ಅಂದರೆ ಎರಡು ವ್ಯಾಸಗಳ ನಡುಬಿಂದು ಒಂದೇ ಅಲ್ಲ. ಅದು ಕೊರೆದ ತೂತು 7 ಎಂಎಂ ದಾಟಿತ್ತು. ಅದಕ್ಕೆ ಎಂ8 ಟ್ಯಾಪ್ ಹೊಡೆದರೆ ಥ್ರೆಡ್ ಸಡಿಲ.

ಆದರೂ ನನ್ನ ಹೊಟ್ಟೆ ಉರಿದದ್ದು ಟ್ಯಾಪ್ ಮುರಿದಾಗ. ಆಗಿದ್ದ ತೂತುಗಳಲ್ಲಿ ಸ್ವಲ್ಪ ಸರಿ ಅನ್ನಿಸಿದ್ದಕ್ಕೆ ಟ್ಯಾಪ್ ಹಾಕಿದೆವು. ಕೊನೆಯ ಎರಡು ಸುತ್ತು ಇರುವಾಗ ಅದು ಅಡಿಗೆ ತಾಗಿ ಮುರಿದು ಒಳಗೇ ಕೂತಿತು. ಯಾಕೆ ಅಂತ ಅಳೆದು ನೋಡಿದೆ. ನಾನು 20 ಅಂತ ಬರೆದದ್ದು ಪೂರ್ತಿ 6.8 ವ್ಯಾಸ ಇರುವ ಭಾಗದ ಉದ್ದ. ಅವರು ಅಳೆದದ್ದು ಬಿಟ್‌ನ ಚೂಪು ತುದಿಯಿಂದ. 118 ಡಿಗ್ರಿ ಮೊನೆಯಾದರೆ ಆ ಚೂಪು ವ್ಯಾಸದ ಸುಮಾರು ಶೇ 30ರಷ್ಟು ಉದ್ದ ಇರುತ್ತದೆ. 6.8ಕ್ಕೆ 2 ಎಂಎಂ. ಹಾಗಾಗಿ ನನಗೆ ಸಿಕ್ಕಿದ್ದು 18 ಮಾತ್ರ. 16 ಎಂಎಂ ಥ್ರೆಡ್, ಅದರ ಮುಂದೆ ಟ್ಯಾಪಿನ ಮೊದಲ ಎರಡು ಮೂರು ಸಪೂರ ಹಲ್ಲುಗಳು, ಎಲ್ಲ ಸೇರಿದರೆ 18 ಸಾಲುವುದಿಲ್ಲ. ಈ ವಿಷಯದಲ್ಲಿ ತಪ್ಪು ನನ್ನದೂ ಉಂಟು. ಎಲ್ಲಿಂದ ಎಲ್ಲಿಗೆ 20 ಅಂತ ನಾನು ಬರೆದಿರಲಿಲ್ಲ. ಆದರೆ ನಿಜವಾಗಿ ಟೂಲ್ ಮಾಡುವವರು ಇದನ್ನು ಕೇಳದೆ ಗ್ರೈಂಡಿಂಗ್‌ಗೆ ಕೈ ಹಾಕುವುದಿಲ್ಲ. ಮುರಿದ ಟ್ಯಾಪ್ ತೆಗೆಸಲು, ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಇರೋಷನ್‌ಗೆ ಕೊಡಬೇಕಾಯ್ತು. ಆ ಖರ್ಚು ಬೇರೆ.

ನಮ್ಮಲ್ಲಿ ಒಬ್ಬ ಹುಡುಗ ಇಲ್ಲೇ ಬೈಕಂಪಾಡಿಯ ಜಿಟಿಟಿಸಿಯಲ್ಲಿ (ಟೂಲ್ ಕೆಲಸ ಕಲಿಸುವ ಸರ್ಕಾರಿ ಸಂಸ್ಥೆ) ಕಲಿತವನು. 'ಅಣ್ಣಾ, ಒಮ್ಮೆ ಕಿಡಿ ನೋಡುವ' ಅಂದ. ಮುರಿದ ತುಂಡನ್ನು ಗ್ರೈಂಡರಿಗೆ ಹಿಡಿದ. ಪಕ್ಕದಲ್ಲಿ ನಮ್ಮ ಹಳೆಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್, ಬಿಸಿಗೂ ಬೇಗ ಮೆತ್ತಗಾಗದ ಟೂಲ್ ಸ್ಟೀಲ್) ಡ್ರಿಲ್ ಒಂದನ್ನು ಹಿಡಿದು ತೋರಿಸಿದ. ಎಚ್‌ಎಸ್‌ಎಸ್‌ನ ಕಿಡಿ ಮಂಕು ಕೆಂಪು, ಕಡಿಮೆ. ಹೊಸ ಬಿಟ್‌ನಿಂದ ಹೊರಟದ್ದು ಬೆಳ್ಳಗೆ ಹೊಳೆಯುವ, ನಕ್ಷತ್ರಕಡ್ಡಿಯ ಹಾಗೆ ಸಿಡಿಯುವ ಕಿಡಿ. ಅದು ಕಾರ್ಬನ್ ಸ್ಟೀಲಿನದ್ದು. ಕೋಬಾಲ್ಟ್ ಬಿಡಿ, ಅದು ಎಚ್‌ಎಸ್‌ಎಸ್ ಕೂಡ ಅಲ್ಲ. ಪರಿಚಯದವರ ಮೂಲಕ ರಾಕ್‌ವೆಲ್ ಮೆಷಿನ್‌ನಲ್ಲಿ ಗಡಸುತನ ನೋಡಿಸಿದೆವು. 57 ಬಂತು. ಶೇ 5 ಕೋಬಾಲ್ಟ್ ಇರುವ ಎಂ35 ಅನ್ನುವ ಎಚ್‌ಎಸ್‌ಎಸ್ ಆಗಿದ್ದರೆ 65ರ ಆಸುಪಾಸು ಬರಬೇಕಿತ್ತು.

ಹಾಗಾದರೆ ಆ ಚಿನ್ನದ ಬಣ್ಣ? ಅದರ ಬಗ್ಗೆ ನಾನು ಜಾಸ್ತಿ ಯೋಚಿಸಿದೆ, ಯಾಕೆಂದರೆ ನಾವೆಲ್ಲ ಮೋಸ ಹೋಗುವುದು ಆ ಬಣ್ಣಕ್ಕೇ. ನಿಜವಾದ ಟೈಟಾನಿಯಂ ನೈಟ್ರೈಡ್ ಕೋಟಿಂಗನ್ನು ಡ್ರಿಲ್‌ಗಳಿಗೆ 450 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಕೂರಿಸುತ್ತಾರೆ. ಎಚ್‌ಎಸ್‌ಎಸ್ ಅದನ್ನು ತಡೆಯುತ್ತದೆ, ಅದನ್ನು ಹದ ಮಾಡುವುದೇ 550 ಡಿಗ್ರಿ ಹತ್ತಿರ. ಕಾರ್ಬನ್ ಸ್ಟೀಲ್ ಆ ಬಿಸಿಗೆ ಹೋದರೆ ಮೆತ್ತಗಾಗಿ 57 ಕೂಡ ಉಳಿಯುವುದಿಲ್ಲ. ಅಂದರೆ ಇದಕ್ಕೆ ಕೋಟಿಂಗ್ ಆಗಿಯೇ ಇಲ್ಲ. ಬರೀ ಬಣ್ಣ. ಚಾಕುವಿನ ತುದಿಯಿಂದ ಗೀರಿದೆ, ಎದ್ದು ಬಂತು. ನಿಜವಾದ ಕೋಟಿಂಗ್ ಚಾಕುವಿಗೆ ಜಗ್ಗುವುದಿಲ್ಲ.

ಕಿಡಿಯ ವಿಡಿಯೊ, ಗಡಸುತನದ ರಿಪೋರ್ಟ್ ಎಲ್ಲ ಅವರಿಗೆ ಕಳಿಸಿದೆ. ನಿಮ್ಮ ಆಪರೇಟರ್‌ನ ತಪ್ಪು ಅಂದರು. ಕಸ್ಟಮ್ ಮಾಲು ವಾಪಸ್ ಇಲ್ಲ ಅಂದರು. ಮೂರನೇ ದಿನ ನನ್ನ ನಂಬರ್ ಬ್ಲಾಕ್. ವಕೀಲರೊಬ್ಬರನ್ನು ಕೇಳಿದೆ. ವ್ಯಾಪಾರಕ್ಕೆ ಕೊಂಡದ್ದು ಗ್ರಾಹಕ ಕಾನೂನಿನಲ್ಲಿ ಬರುವುದಿಲ್ಲ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರು ಅದಕ್ಕೆಂದೇ ಕೊಂಡಿದ್ದರೆ 2019ರ ಕಾಯ್ದೆಯಲ್ಲಿ ಅವಕಾಶ ಉಂಟು ಅಂದರು. ನನಗೆ ಕೆಲಸದವರು ಇರುವ ಕಾರಣ ವಾದ ಎಳೆಯಬಹುದು ಅಂತಲೂ ಹೇಳಿದರು. ಒಬ್ಬರೇ ಶಾಪ್ ನಡೆಸುವವರು ಇದನ್ನು ನೆನಪಿಟ್ಟುಕೊಳ್ಳಿ. ಹಣ ಹಾಕಿದ ಮೇಲೆ ಮಾಲೇ ಬಾರದೆ ಫೋನ್ ಬಂದ್ ಆದರೆ ಅದು ಬೇರೆ ಲೆಕ್ಕ. ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಲ್ಪೆಯ ಕೆಲಸವನ್ನು ಹಳೆಯ ಕ್ರಮದಲ್ಲೇ ಮಾಡಿದೆವು. ಮೊದಲು 6.8 ಡ್ರಿಲ್, ಆಮೇಲೆ ಮಿಲ್ಲಿಂಗ್‌ನಲ್ಲಿ 12 ಎಂಎಂ ಎಂಡ್ ಮಿಲ್. ರಾತ್ರಿ ಹನ್ನೊಂದರವರೆಗೆ ಹುಡುಗರು ನಿಂತರು. ಜುಲೈ 29ಕ್ಕೆ ಕೊಟ್ಟೆವು. ನಾಲ್ಕು ದಿನ ತಡ. ಪಾರ್ಟಿ ಒಂದು ಮಾತೂ ಬೈಯಲಿಲ್ಲ, ಆದರೆ ಮುಂದಿನ ಆರ್ಡರ್ ನನಗೆ ಬರಲಿಲ್ಲ. ಹದಿನೈದು ಸಾವಿರಕ್ಕಿಂತ ದೊಡ್ಡ ನಷ್ಟ ಅದು.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕೆಲಸಕ್ಕೆ ಅದೇ ತರಹದ ಬಿಟ್ ಬೇಕಾಯ್ತು. ಈ ಸಲ ಟೂಲ್ ಗ್ರೈಂಡಿಂಗ್ ಮಾಡುವ ಒಬ್ಬರ ನಂಬರ್ ಪಕ್ಕದ ಶಾಪಿನವರೇ ಕೊಟ್ಟರು. ಫೋನ್ ಮಾಡಿದರೆ ಅವರು ರೇಟೇ ಹೇಳಲಿಲ್ಲ. ಕೇಳುತ್ತಾ ಹೋದರು. ಲೋಹ ಯಾವುದು, 304ಆ 316ಆ? ತೂತು ಆರಪಾರವಾ? ಉದ್ದ ತುದಿಯಿಂದಲಾ, ಮೂಲೆಯಿಂದಲಾ? ಮೆಟ್ಟಿಲು ಚಪ್ಪಟೆಯಾ, 90 ಡಿಗ್ರಿಯಾ? ಕೈಯಲ್ಲಿ ಇಳಿಸುವ ಮೆಷಿನ್ನಾ, ಸಿಎನ್‌ಸಿಯಾ? ಚಕ್ ಯಾವುದು? ಮೊಂಡಾದ ಮೇಲೆ ಮತ್ತೆ ಸಾಣೆ ಹಿಡಿಸುವಿರಾ? ಹಿಡಿಸುವುದಾದರೆ ಎರಡೂ ವ್ಯಾಸಕ್ಕೆ ಬೇರೆ ಬೇರೆ ಅಂಚು ಇರುವ ಸಬ್‌ಲ್ಯಾಂಡ್ ಬಿಟ್ ಮಾಡುವ, ಸಾಣೆ ಹಿಡಿದರೂ ಮೆಟ್ಟಿಲು ಹಾಳಾಗುವುದಿಲ್ಲ ಅಂದರು. ಸ್ಟೇನ್‌ಲೆಸ್‌ಗೆ 118 ಬೇಡ, 135 ಡಿಗ್ರಿ ಮೊನೆ ಇರಲಿ ಅಂತಲೂ ಹೇಳಿದರು. ಎರಡು ದಿನದ ಮೇಲೆ ಅವರೇ ಡ್ರಾಯಿಂಗ್ ಬರೆದು ಕಳಿಸಿದರು. ಸ್ಟೀಲಿನ ಗ್ರೇಡ್, ಎರಡು ವ್ಯಾಸಗಳ ಓಲಾಟ 0.02ರೊಳಗೆ, ಮೂಲೆಯ ಉರುಟು ಎಲ್ಲ ಅದರಲ್ಲಿತ್ತು. ನೋಡಿ ಸಹಿ ಹಾಕಿ ಕಳಿಸಿ, ಸಹಿ ಇಲ್ಲದೆ ಶುರು ಮಾಡುವುದಿಲ್ಲ ಅಂದರು. ಮೊದಲು ಒಂದೇ ಬಿಟ್ ಮಾಡಿಸಿದೆ, ಅರ್ಧ ಹಣ ಮುಂಗಡ. 3,100 ರೂಪಾಯಿ ಬಿತ್ತು. 130 ತೂತು ಆದ ಮೇಲೆ ಸಾಣೆಗೆ ಕಳಿಸಿದ್ದೇವೆ.

ಆ ಹಳೆಯ ಬಿಟ್‌ಗಳಲ್ಲಿ ನಾಲ್ಕು ಇನ್ನೂ ನನ್ನಲ್ಲಿ ಇವೆ. ಎಸೆದಿಲ್ಲ. ಬೈಕಂಪಾಡಿ ಕಡೆ ಇರುವವರು ಯಾರಾದರೂ ಇಂಥದ್ದನ್ನು ಆರ್ಡರ್ ಮಾಡಲು ಹೊರಟಿದ್ದರೆ ಒಮ್ಮೆ ಶಾಪಿಗೆ ಬನ್ನಿ. ಒಂದನ್ನು ಗ್ರೈಂಡರಿಗೆ ಹಿಡಿದು ಕಿಡಿ ತೋರಿಸುತ್ತೇನೆ, ಆ ಸಹಿ ಹಾಕಿದ ಡ್ರಾಯಿಂಗಿನ ಪ್ರತಿಯನ್ನೂ ಕೊಡುತ್ತೇನೆ.