ನಾಯಿ ಹಲ್ಲಿಗೆ ಬ್ರಷ್ಷೋ, ಅಗಿಯುವ ಕಡ್ಡಿಯೋ, ಅಂಗಡಿಯಲ್ಲಿ ಕೆರೆಸೋದೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ರಷ್ಷಿಗೆ. ಅದೂ 30 ರೂಪಾಯಿಯ ಮಕ್ಕಳ ಬ್ರಷ್ಷಿಗೆ. ಇದು ಗೊತ್ತಾಗುವಷ್ಟರಲ್ಲಿ ನಮ್ಮ ಪಿಂಕಿಯ ಎರಡು ಹಲ್ಲು ಹೋಗಿದ್ದವು.

ಪಿಂಕಿ ಪಾಮರೇನಿಯನ್, ಏಳು ವರ್ಷ. ಇಷ್ಟು ಪುಟ್ಟ ಬಾಯಲ್ಲೂ ದೊಡ್ಡ ನಾಯಿಗಿರುವಷ್ಟೇ 42 ಹಲ್ಲು. ಒತ್ತೊತ್ತಾಗಿರುವುದರಿಂದ ಸಂದಿಯಲ್ಲಿ ಪಾಚಿ ಬೇಗ ಕೂರುತ್ತದೆ. ಹೋದ ವರ್ಷ ಯುಗಾದಿ ಹೊತ್ತಿಗೆ ಬಾಯಿ ವಿಪರೀತ ನಾರುತ್ತಿತ್ತು. "ನಾಯಿ ಬಾಯಿ ನಾರದೆ ಇನ್ನೇನು" ಎಂದಳು ಅವ್ವ. ನಾನೂ ಹಾಗೇ ಅಂದುಕೊಂಡೆ.

ದಾವಣಗೆರೆಯಲ್ಲೇ ಒಂದು ಗ್ರೂಮಿಂಗ್ ಅಂಗಡಿಗೆ ಕರೆದುಕೊಂಡು ಹೋದೆ. ಸ್ನಾನ, ಉಗುರು, ಹಲ್ಲು ಎಲ್ಲ ಸೇರಿ 900 ರೂಪಾಯಿ. ಅರಿವಳಿಕೆ ಕೊಡಲಿಲ್ಲ. ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡರು, ಒಬ್ಬರು ಕೊಕ್ಕೆಯಿಂದ ಕೆರೆದರು. ಅರ್ಧ ಗಂಟೆಯಲ್ಲಿ ಹಲ್ಲು ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗಾದವು. ಮನೆಯವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ನಾಲ್ಕು ತಿಂಗಳಿಗೆ ಬಲಗಣ್ಣಿನ ಕೆಳಗೆ ಅಡಿಕೆ ಗಾತ್ರದ ಬಾವು ಬಂತು. ಯಾವುದೋ ಹುಳ ಕಚ್ಚಿರಬೇಕು ಎಂದುಕೊಂಡು ಡಾಕ್ಟರ ಹತ್ತಿರ ಓಡಿದೆ. ಅವರು ಕಣ್ಣು ನೋಡಲೇ ಇಲ್ಲ, ತುಟಿ ಎತ್ತಿದರು. "ಇಲ್ಲಿ ನೋಡ್ರಿ, ಇದು ಹಲ್ಲಿಂದು." ಮೇಲಿನ ದವಡೆಯಲ್ಲಿ ಹಿಂದೆ ಇರುವ ದೊಡ್ಡ ಹಲ್ಲು ಅದು. ಅದಕ್ಕೆ ಮೂರು ಬೇರು, ಬೇರಿನ ತುದಿ ಕಣ್ಣಿನ ಕೆಳಗೇ ಬರುತ್ತದೆ. ಎಂಜಲು ಸುರಿಯುವ ನಾಳವೂ ಅಲ್ಲೇ ತೆರೆಯುವುದರಿಂದ ಕಾರೆ, ಅಂದರೆ ಗಟ್ಟಿಯಾದ ಪಾಚಿ, ಕಟ್ಟುವುದೂ ಅಲ್ಲೇ ಜಾಸ್ತಿ. ಒಸಡನ್ನು ಮೆತ್ತಗೆ ಒತ್ತಿದರು, ಹಳದಿ ಕೀವು ಬಂತು. ಮೇಲೆ ಹಲ್ಲು ಇನ್ನೂ ಬೆಳ್ಳಗೇ ಇತ್ತು.

ಎಚ್ಚರ ಇರುವ ನಾಯಿಯ ಒಸಡಿನ ಒಳಗೆ ಕೈ ಆಡಿಸಲು ಆಗುವುದಿಲ್ಲ. ಅಂಗಡಿಯವರು ಕೆರೆದದ್ದು ಕಣ್ಣಿಗೆ ಕಾಣುವ ಭಾಗ ಮಾತ್ರ. ಪಾಲಿಶ್ ಮಾಡದೆ ಬಿಟ್ಟರೆ ಕೆರೆದ ಜಾಗ ತರಿತರಿಯಾಗಿ, ಪಾಚಿ ಮೊದಲಿಗಿಂತ ಬೇಗ ಹಿಡಿಯುತ್ತದಂತೆ. ದುಡ್ಡು ಹೋದದ್ದಕ್ಕಿಂತ, ಅಷ್ಟು ದಿನ ಅದು ನೋವು ತಿಂದುಕೊಂಡೇ ಬಾಲ ಆಡಿಸುತ್ತಿತ್ತಲ್ಲ, ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಅರಿವಳಿಕೆ ಕೊಟ್ಟು ಸರಿಯಾದ ಸ್ಕೇಲಿಂಗ್ ಆಯಿತು. ಮೊದಲು ರಕ್ತ ಪರೀಕ್ಷೆ. ನೀರು, ಕೊಳೆ ಶ್ವಾಸಕೋಶಕ್ಕೆ ಇಳಿಯದ ಹಾಗೆ ಗಂಟಲಿಗೆ ನಳಿಕೆ. ಎಕ್ಸ್‌ರೇ ತೆಗೆದು ಎರಡು ಹಲ್ಲು ಕಿತ್ತರು. ಔಷಧಿ ಸೇರಿ 7,500 ರೂಪಾಯಿ. ಮಾರನೇ ದಿನ ಕೋಳಿ ಕಿವುಚಿದ ಮೆತ್ತನೆ ಅನ್ನವನ್ನು ಬಟ್ಟಲು ನೆಕ್ಕಿ ಖಾಲಿ ಮಾಡಿತು. ಕಾರೆ ಗಟ್ಟಿಯಾಗಿ ಕೂತಿದ್ದರೆ ಇದೊಂದೇ ದಾರಿ. ಯಾವ ಬ್ರಷ್ಷೂ ಅದನ್ನು ಕೀಳುವುದಿಲ್ಲ.

ಅಗಿಯುವ ಡೆಂಟಲ್ ಕಡ್ಡಿ: ಪಿಂಕಿ ಎರಡೇ ಕಡಿತಕ್ಕೆ ನುಂಗಿತು. ಅಗಿದರೆ ತಾನೇ ಹಲ್ಲು ಉಜ್ಜುವುದು? ನಿಧಾನವಾಗಿ ಅಗಿಯುವ ನಾಯಿಗೆ ಕೊಡಿ, ತಪ್ಪಿಲ್ಲ. ಆದರೆ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇರುವ ಎಲುಬು, ಕೊಂಬು ಬೇಡ. ಹಿಂದಿನ ಅದೇ ದೊಡ್ಡ ಹಲ್ಲು ಸೀಳುತ್ತದೆ.

ನೀರಿಗೆ ಬೆರೆಸುವ ಔಷಧಿ: ಮೂಸಿ ನೋಡಿ ನೀರು ಕುಡಿಯುವುದನ್ನೇ ಬಿಟ್ಟಿತು. ಎರಡನೇ ದಿನವೇ ನಿಲ್ಲಿಸಿದೆ.

ಈಗ ಬ್ರಷ್ಷಿನ ವಿಷಯ. ಪೇಸ್ಟಿನ ಜೊತೆ ಬೆರಳಿಗೆ ಹಾಕುವ ಸಿಲಿಕಾನ್ ಬ್ರಷ್ ಕೊಡುತ್ತಾರಲ್ಲ, ಮೂರು ವಾರ ಅದರ ಜೊತೆ ಒದ್ದಾಡಿದೆ. ಬೆರಳು, ಅದರ ಮೇಲೆ ಆ ಟೊಪ್ಪಿಗೆ, ಎರಡೂ ಸೇರಿ ಆ ಪುಟ್ಟ ಕೆನ್ನೆಯೊಳಗೆ ಹೋಗುವುದೇ ಇಲ್ಲ. ಕೋರೆಹಲ್ಲು ದಾಟುವಷ್ಟರಲ್ಲಿ ಕಚ್ಚಿ ಹಿಡಿಯುತ್ತದೆ. ಮುಂದಿನ ಹಲ್ಲು ಫಳಫಳ, ಹಿಂದಿನ ಹಲ್ಲಿನ ಮೇಲೆ ಅದೇ ಹಳದಿ ಗೆರೆ. ಎಡಗಡೆಯ ದೊಡ್ಡ ಹಲ್ಲನ್ನಾದರೂ ಉಳಿಸಿಕೊಳ್ಳಬೇಕು, ಅದಕ್ಕೇ ಇದು ಮುಟ್ಟುತ್ತಿಲ್ಲ ಅಂದರೆ ಏನು ಪ್ರಯೋಜನ?

ನಾನು ಮಾಡುತ್ತಿದ್ದ ಇನ್ನೊಂದು ತಪ್ಪು, ಬಾಯಿ ತೆರೆಸಲು ಹೋಗುತ್ತಿದ್ದದ್ದು. ಬಾಯಿ ಮುಚ್ಚಿಯೇ ಇರಲಿ. ತುಟಿಯ ಮೂಲೆ ಸ್ವಲ್ಪ ಹಿಂದಕ್ಕೆ ಎಳೆದು, ಚಿಕ್ಕ ತಲೆಯ ಮೆತ್ತನೆ ಬ್ರಷ್ಷನ್ನು ಕೆನ್ನೆ ಮತ್ತು ಹಲ್ಲಿನ ನಡುವೆ ಜಾರಿಸಿದರೆ ಸೀದಾ ಹಿಂದಿನ ಹಲ್ಲಿಗೇ ಹೋಗುತ್ತದೆ. ಒಳಭಾಗವನ್ನು ನಾಲಿಗೆ ಬಹಳ ಮಟ್ಟಿಗೆ ನೋಡಿಕೊಳ್ಳುತ್ತದೆ. ಮೊದಲ ವಾರ ಬ್ರಷ್ ಬೇಡ, ಸುಮ್ನೆ ಪೇಸ್ಟ್ ನೆಕ್ಕಿಸಿ. ಪೇಸ್ಟ್ ಮಾತ್ರ ನಾಯಿಯದೇ ಬೇಕು. ನಮ್ಮದನ್ನು ಅದು ಉಗಿಯುವುದಿಲ್ಲ, ನುಂಗುತ್ತದೆ. ಕೆಲವದರಲ್ಲಿ ಇರುವ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ನಾಯಿಗೆ ವಿಷ.

ದಿನಾ ಉಜ್ಜಬೇಕು. ಪಾಚಿ ಎರಡು ಮೂರು ದಿನದಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ, ವಾರಕ್ಕೊಮ್ಮೆ ಉಜ್ಜಿದರೆ ಆಗದು. ರಾತ್ರಿ ಊಟ ಆದ ಮೇಲೆ ನಾನು ಹೇಗೂ ಮನೆಯಲ್ಲೇ ಇರುತ್ತೇನೆ, ಹಾಗಾಗಿ ನನಗೆ ಹೊಂದಿತು. ಪೇಸ್ಟಿಗೆ 250 ರೂಪಾಯಿ, ಎರಡು ತಿಂಗಳು ಬರುತ್ತದೆ. ಸಮಯವೇ ಇಲ್ಲದವರು ಅಗಿಯುವ ಕಡ್ಡಿಗೆ ಹೋಗಿ, ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿ. ಕೆರೆಸುವ ಅಂಗಡಿಗೆ ಮಾತ್ರ ಯಾರಿಗೂ ಹೇಳಲಾರೆ.

ನಮ್ಮನೆ ಬೆಕ್ಕಿನ ಹೆಸರು ಬೆಳ್ಳಿ, ಅದು ಬ್ರಷ್ ಕಂಡರೆ ಬೀರುವಿನ ಮೇಲೆ ಹತ್ತುತ್ತದೆ. ಬೆರಳಿಗೆ ಗಾಜ್ ಬಟ್ಟೆ ಸುತ್ತಿ, ಬೇಯಿಸಿದ ಕೋಳಿಯ ನೀರಲ್ಲಿ ಅದ್ದಿ ಒರೆಸುತ್ತೇನೆ. ಆದರೆ ಒಂದು ವಾರದಿಂದ ತಲೆ ಓರೆ ಮಾಡಿ ಒಂದೇ ಕಡೆ ಅಗಿಯುತ್ತಿದೆ. ಬೆಕ್ಕಿನ ಹಲ್ಲು ತಾನಾಗೇ ಕರಗುವ ಒಂದು ಕಾಯಿಲೆ ಇದೆ, ಉಜ್ಜಿದರೆ ಅದು ನಿಲ್ಲುವುದಿಲ್ಲ, ಎಕ್ಸ್‌ರೇ ತೆಗೆದೇ ನೋಡಬೇಕು ಎಂದಿದ್ದಾರೆ ಡಾಕ್ಟರು. ಶನಿವಾರ ಬೆಳಿಗ್ಗೆ ಬರಲು ಹೇಳಿದ್ದಾರೆ, ಹಿಂದಿನ ರಾತ್ರಿಯಿಂದ ಊಟ ಹಾಕಬಾರದಂತೆ.